ಮೂವರು ಒಪ್ಪಿದ ಕಂತಿಗೆ ನಾಲ್ಕನೆಯವರು ಒಪ್ಪದಿದ್ದರೆ

ಸಾಲ ತೀರಿಸಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿದ ಮನೆಯವರು ಮೊದಲು ಲೆಕ್ಕ ಬರೆಯುತ್ತಾರೆ. ತಿಂಗಳಿಗೆ ಕೈಗೆ ಬರುವುದೆಷ್ಟು, ಮನೆಗೆ ಬೇಕಾದ್ದೆಷ್ಟು, ಉಳಿಯುವುದೆಷ್ಟು. ಉಳಿದದ್ದನ್ನು ಸಾಲ ಕೊಟ್ಟವರಿಗೆಲ್ಲ ಹಂಚಿ, 'ಪೂರ್ತಿ ಕಂತು ಆಗಲ್ಲ, ಇಷ್ಟಂತೂ ತಪ್ಪಿಸಲ್ಲ' ಎಂದು ಹೇಳಿ ಬರುತ್ತಾರೆ. ಮೂವರು ಗೊಣಗಿಕೊಂಡಾದರೂ ಒಪ್ಪುತ್ತಾರೆ. ನಾಲ್ಕನೆಯವರು ಒಪ್ಪುವುದಿಲ್ಲ. 'ಉಳಿದವರ ವಿಷಯ ನಂಗೊತ್ತಿಲ್ಲ ಅಕ್ಕಾ, ನಮ್ದು ಪೂರ್ತಿ ಕಟ್ಟಿ' ಎಂದು ಬಾಗಿಲಲ್ಲೇ ಕೂರುತ್ತಾರೆ. ಅಕ್ಕಪಕ್ಕದವರು ನೋಡುತ್ತಾರೆ ಎಂಬ ಅಂಜಿಕೆಗೆ ಆ ತಿಂಗಳು ಅವರಿಗೆ ಪೂರ್ತಿ ಹೋಗುತ್ತದೆ. ಒಪ್ಪಿದ್ದ ಮೂವರಿಗೆ ಕೊಡಲು ದುಡ್ಡಿರುವುದಿಲ್ಲ. ಇನ್ನೆರಡು ತಿಂಗಳಲ್ಲಿ ಎಲ್ಲರೂ ಬಾಗಿಲಿಗೆ ಬರುತ್ತಾರೆ.

ಕಂತಿನ ಯೋಜನೆ ಮುರಿಯುವುದು ಜಾಸ್ತಿ ಇಲ್ಲೇ ಎಂದು ನನಗನ್ನಿಸುತ್ತದೆ. ದುಡ್ಡು ಕಡಿಮೆ ಇದೆ ಅನ್ನುವುದು ಮೊದಲೇ ಗೊತ್ತಿದ್ದ ಸಂಗತಿ. ಆ ಕಡಿಮೆ ದುಡ್ಡು ಯಾರು ಜೋರು ಮಾಡಿದರೋ ಅವರ ಕಡೆಗೆ ಹರಿದುಹೋಗುವುದೇ ನಿಜವಾದ ಪೆಟ್ಟು. ಇನ್ನೂ ಬೇಸರದ ವಿಷಯ ಏನೆಂದರೆ, ಜೋರು ಮಾಡುವವರ ಕೈಯಲ್ಲಿ ಕಾನೂನಿನ ಬಲ ಎಷ್ಟಿದೆ ಎಂದು ನೋಡಿದರೆ ಬಹಳ ಸಲ ಅವರದ್ದೇ ಎಲ್ಲರಿಗಿಂತ ಕಮ್ಮಿ.

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಈ ತೊಂದರೆ ಯಾಕೆ ಇಷ್ಟು ಹರಿತ ಎಂದು ತಿಳಿಯಲು ಇಲ್ಲಿನ ದುಡ್ಡು ಯಾವಾಗ ಬರುತ್ತದೆ ಎಂದು ನೋಡಬೇಕು. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಶುರು. ರೋಬಸ್ಟಾ ಜನವರಿ ನಂತರ. ಮೇ ತಿಂಗಳ ಮಳೆ ನೋಡಿ ಹಾಕಿದ ಆಲೂಗೆಡ್ಡೆಗೆ ಅಂಗಮಾರಿ ಬರದಿದ್ದರೆ ಆಗಸ್ಟ್ ಹೊತ್ತಿಗೆ ಕಾಸು. ಆಲೂರು, ಬೇಲೂರು, ಸಕಲೇಶಪುರದ ಕಡೆ ಶುಂಠಿ ಹಾಕಿದವರಿಗೆ ಒಂದು ವರ್ಷ ಬಂಪರ್, ಮರುವರ್ಷ ಕೀಳಿಸಿದ ಕೂಲಿಯೂ ಹುಟ್ಟದ ರೇಟು. ಡೇರಿ ಹಾಲಿನ ಬಟವಾಡೆಯೊಂದೇ ತಪ್ಪದೆ ಬರುವ ದುಡ್ಡು. ತೋಟದ ಲೈನ್ ಮನೆಯಲ್ಲಿರುವವರಿಗೆ ಮಳೆಗಾಲದಲ್ಲಿ ಕೆಲಸದ ದಿನಗಳೇ ಕಮ್ಮಿ. ಗುಂಪು ಕಟ್ಟಿ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಸಂಘದ ಕಂತು ಮಾತ್ರ ವಾರಕ್ಕೋ ಹದಿನೈದು ದಿನಕ್ಕೋ ತಿಂಗಳಿಗೋ ಒಂದೇ ಸಮ ಬರುತ್ತದೆ. ಅದಕ್ಕೆ ಸುಗ್ಗಿ ಗೊತ್ತಿಲ್ಲ, ಮಳೆ ಗೊತ್ತಿಲ್ಲ.

2025ರ ಜನವರಿಯಲ್ಲಿ ಮೈಕ್ರೋಫೈನಾನ್ಸ್ ಕಿರುಕುಳ ರಾಜ್ಯದ ದೊಡ್ಡ ಸುದ್ದಿಯಾಯಿತು. ಜನ ಊರು ಬಿಟ್ಟರು, ಕೆಲವರು ಜೀವ ಕಳೆದುಕೊಂಡರು. ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಮೊದಲು ವಾಪಸ್ ಕಳಿಸಿದರು, ಫೆಬ್ರವರಿ 12ರಂದು ಒಪ್ಪಿದರು. ಆಮೇಲೆ ಅದು ವಿಧಾನಮಂಡಲದಲ್ಲಿ ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ದೂರು ಕೊಟ್ಟರೆ ಪೊಲೀಸರು ಕೇಸು ದಾಖಲಿಸಲ್ಲ ಅನ್ನುವ ಹಾಗಿಲ್ಲ. ನೋಂದಣಿ, ಲೈಸೆನ್ಸ್ ಎರಡೂ ಇಲ್ಲದವರು ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದೂ ಅದರಲ್ಲಿದೆ. ಈ ಕಾನೂನು ಬೇಕಿತ್ತು. ಅನುಮಾನವೇ ಇಲ್ಲ.

ಆದರೆ ಅದು ಉತ್ತರ ಕೊಟ್ಟಿದ್ದು ಕಿರುಕುಳಕ್ಕೆ. 'ನಾನು ಕೊಡ್ತೀನಿ, ನಿಧಾನಕ್ಕೆ ಕೊಡ್ತೀನಿ' ಅನ್ನುವವರಿಗೆ ಕಂತು ಇಳಿಸಿಕೊಡುವ ದಾರಿ ಅದರಲ್ಲಿಲ್ಲ. ಬೈಯದೆ, ಬೆದರಿಸದೆ, ಬರೀ 'ಒಪ್ಪಲ್ಲ' ಅನ್ನುವ ಸಾಲ ಕೊಟ್ಟವರನ್ನು ಒಪ್ಪಿಸುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಅಂಥ ಶಕ್ತಿ ಯಾವ ಕಾನೂನಿಗೂ ಇಲ್ವಾ? ಬರೆದಿಟ್ಟದ್ದು ಇದೆ. 2016ರ ದಿವಾಳಿ ಸಂಹಿತೆಯ ಮೂರನೇ ಭಾಗ ಸಾಮಾನ್ಯ ಜನರ ಸಾಲದ ಬಗ್ಗೆಯೇ ಇದೆ. ಸಾಲಗಾರರು ಮರುಪಾವತಿ ಯೋಜನೆ ಮುಂದಿಡಬೇಕು. ಸಭೆಯಲ್ಲಿ ಮತ ಹಾಕಿದವರಲ್ಲಿ, ಸಾಲದ ಮೊತ್ತದ ಲೆಕ್ಕದಲ್ಲಿ, ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಒಪ್ಪಿದರೆ ಉಳಿದವರೂ ಅದಕ್ಕೆ ಬದ್ಧರು. ಅಂದರೆ ನಾಲ್ಕನೆಯವರ ಹಟಕ್ಕೆ ಅಲ್ಲಿ ಮದ್ದಿದೆ. ಆದರೆ ಆ ಭಾಗ ಜಾರಿಯಾಗಿದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ, ಅದೂ 2019ರ ಡಿಸೆಂಬರ್‌ನಿಂದ. ಮೂಡಿಗೆರೆಯ ತೋಟದ ಕಾರ್ಮಿಕರಿಗೆ, ಅರಸೀಕೆರೆಯ ಕೊಬ್ಬರಿ ಬೆಳೆಗಾರರಿಗೆ ಅದು ಪುಸ್ತಕದಲ್ಲೇ ಉಳಿದಿದೆ. ಕಂಪನಿ ಮುಳುಗಿದರೆ ಎಲ್ಲ ಸಾಲದವರನ್ನೂ ಒಂದೇ ಮೇಜಿಗೆ ಕೂರಿಸುವ ವ್ಯವಸ್ಥೆ ಇರುವ ದೇಶದಲ್ಲಿ ಒಂದು ಸಂಸಾರ ಮುಳುಗಿದರೆ ಕೈಗೆಟಕುವ ಅಂಥ ಮೇಜಿಲ್ಲ. ಇದು ಸರಿಯಲ್ಲ. ಜಿಲ್ಲೆಯ ಜನಪ್ರತಿನಿಧಿಗಳು ಕೇಳಬೇಕಾದ ಮುಖ್ಯ ಪ್ರಶ್ನೆ ಇದು.

ಹೀಗಾಗಿ ಇವತ್ತಿನ ಮಟ್ಟಿಗೆ ನೀವು ಬರೆದ ಕಂತಿನ ಯೋಜನೆ ಒಂದು ಮಾತು ಮಾತ್ರ. ಒಪ್ಪಿದವರ ಮಟ್ಟಿಗೆ ಅದಕ್ಕೆ ಬೆಲೆ. ಒಪ್ಪದವರಿಗೆ ಅವರ ಹಳೇ ಹಕ್ಕು ಹಾಗೇ ಇರುತ್ತದೆ. ಇಷ್ಟು ತಿಳಿದುಕೊಂಡರೆ ಮುಂದಿನ ಪ್ರಶ್ನೆ ಸಲೀಸು: ಆ ಹಕ್ಕು ನಿಜಕ್ಕೂ ಎಷ್ಟು ದೊಡ್ಡದು?

ಒಂದು ಮನೆಯ ಲೆಕ್ಕ ಇಟ್ಟುಕೊಳ್ಳೋಣ. ಊಹೆಯ ಮನೆ, ಆದರೆ ಅಂಕಿಗಳು ನಮ್ಮ ಕಡೆಯವೇ. ಹಾಲು, ಕೂಲಿ ಸೇರಿ ತಿಂಗಳಿಗೆ 19,000. ಮನೆ ಖರ್ಚು 10,000. ಸಾಲಕ್ಕೆ ಉಳಿಯುವುದು 9,000. ಕಟ್ಟಬೇಕಾದ್ದು: ಒಂದು ಮೈಕ್ರೋಫೈನಾನ್ಸಿಗೆ 3,200, ಇನ್ನೊಂದಕ್ಕೆ 2,800, ಬ್ಯಾಂಕಿಗೆ 4,000, ಊರಿನ ಲೇವಾದೇವಿಯವರ ಹತ್ತಿರ ತಂದ 80,000 ಕೈಸಾಲಕ್ಕೆ ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿಯೇ 4,000. ಒಟ್ಟು 14,000. ಕೊರತೆ 5,000.

ಜೋರು ಮಾಡುವವರು ಯಾರು? ಕೈಸಾಲದವರು. ಅವರಿಗೆ 4,000 ಪೂರ್ತಿ ಕೊಟ್ಟರೆ ಉಳಿದ ಮೂವರ 10,000ಕ್ಕೆ ಸಿಗುವುದು ಬರೀ 5,000. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯದ ಸಾಲಕ್ಕಾಗಿ ಇಳಿಯುವ ಸಾಲಗಳೆಲ್ಲ ಸುಸ್ತಿಯಾಗುತ್ತವೆ.

ಈಗ ಕಾನೂನಿನ ಕಣ್ಣಲ್ಲಿ ನೋಡಿ. ಕರ್ನಾಟಕದಲ್ಲಿ ಬಡ್ಡಿಗೆ ದುಡ್ಡು ಕೊಡುವ ವ್ಯವಹಾರ ಮಾಡುವವರಿಗೆ 1961ರ ಲೇವಾದೇವಿಗಾರರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ಬಡ್ಡಿಗೂ ಮಿತಿ ಇದೆ: ಅಡಮಾನ ಇದ್ದರೆ ವರ್ಷಕ್ಕೆ ನೂರಕ್ಕೆ 14, ಇಲ್ಲದಿದ್ದರೆ 16. ಮಿತಿ ಮೀರಿ ಬಡ್ಡಿ ತೆಗೆದುಕೊಳ್ಳುವುದರ ಮೇಲೆ 2004ರ ಇನ್ನೊಂದು ಕಾಯ್ದೆಯೇ ಇದೆ. ತಿಂಗಳಿಗೆ ಐದು ಅಂದರೆ ವರ್ಷಕ್ಕೆ 60. 80,000ಕ್ಕೆ 16ರ ಲೆಕ್ಕದಲ್ಲಿ ವರ್ಷಕ್ಕೆ 12,800, ತಿಂಗಳಿಗೆ ಸುಮಾರು 1,070. ಹೀಗೆ ಇಟ್ಟರೆ ಒಟ್ಟು ಕಟ್ಟಬೇಕಾದ್ದು 11,070ಕ್ಕೆ ಇಳಿಯುತ್ತದೆ. 9,000ವನ್ನು ಅದೇ ಅನುಪಾತದಲ್ಲಿ ಹಂಚಿದರೆ 2,600, 2,275, 3,250, 875. ಪ್ರತಿಯೊಬ್ಬರಿಗೂ ರೂಪಾಯಿಗೆ ಎಂಬತ್ತು ಪೈಸೆಯಷ್ಟು ಹೋಗುತ್ತದೆ. ಕೈಸಾಲದ ಅಸಲಿಗೆ ಸುಗ್ಗಿಯಲ್ಲಿ ಬಂದ ದುಡ್ಡಿನಿಂದ ಒಂದು ಪಾಲು ಅಂತ ಬರೆದಿಡಬಹುದು. ಯೋಜನೆ ನಿಲ್ಲುವುದು ಹೀಗೆ.

ಬಾಗಿಲಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವರ ಬೇಡಿಕೆಯೇ ಕಾನೂನಿನಲ್ಲಿ ಎಲ್ಲರಿಗಿಂತ ಸಣ್ಣದಾಯಿತು, ಅಲ್ವಾ?

ಆದರೂ ಎಚ್ಚರ ಬೇಕು. ಅವರ ಕೈಯಲ್ಲಿ ನಿಮ್ಮ ಸಹಿ ಇರುವ ಖಾಲಿ ಚೆಕ್ ಇದ್ದರೆ ಮಾತು ಬೇರೆ. ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ಅವರು ತುಂಬಿ ಹಾಕಿದರೂ ಸಾಲಕ್ಕೇ ಕೊಟ್ಟದ್ದು ಎಂದು ನ್ಯಾಯಾಲಯ ಮೊದಲಿಗೆ ನಂಬುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನೇ ಹೇಳಿದೆ. ಅಲ್ಲ ಎಂದು ತೋರಿಸುವ ಹೊರೆ ನಿಮ್ಮ ಮೇಲೆ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು. ನಿಮಗೆ ನೋಟಿಸ್ ಸಿಕ್ಕಿದ ಮೇಲೆ 15 ದಿನ ಇರುತ್ತದೆ. ಆ ನೋಟಿಸ್‌ಗೆ ಉತ್ತರ ಕೊಡದೆ ಸುಮ್ನೆ ಕೂರಬೇಡಿ. ಎಷ್ಟು ತೆಗೆದುಕೊಂಡಿದ್ದು, ಎಷ್ಟು ಕೊಟ್ಟಿದ್ದು, ಬಡ್ಡಿ ಎಷ್ಟು ಹಾಕಿದ್ದಾರೆ ಎಂಬ ಉತ್ತರ ವಕೀಲರ ಮೂಲಕ ಹೋಗಬೇಕು. ಕೊಟ್ಟದ್ದಕ್ಕೆ ಪುರಾವೆ ಇಲ್ಲದಿದ್ದರೆ ಈ ಉತ್ತರಕ್ಕೆ ಬಲವಿಲ್ಲ. ಹಾಗಾಗಿ ಇವತ್ತಿನಿಂದ ಅವರಿಗೆ ಕೈಯಲ್ಲಿ ಕಾಸು ಕೊಡುವುದು ನಿಲ್ಲಿಸಿ. ಫೋನ್‌ಪೇ, ಗೂಗಲ್‌ಪೇ, ಬ್ಯಾಂಕ್ ಖಾತೆ, ಯಾವುದಾದರೂ ಸರಿ, ಗುರುತು ಉಳಿಯಬೇಕು. 'ಕ್ಯಾಶೇ ಬೇಕು ಗೌಡ್ರೇ' ಅಂದರೆ ಸಹಿ ಇರುವ ರಸೀದಿ ಕೇಳಿ.

ಮೈಕ್ರೋಫೈನಾನ್ಸಿನವರು ಒಪ್ಪದಿದ್ದರೆ ಕಾರಣ ಬೇರೆ ಇರುತ್ತದೆ. ಮನೆಗೆ ಬರುವ ಹುಡುಗರಿಗೆ ಕಂತು ಇಳಿಸುವ ಅಧಿಕಾರವೇ ಇಲ್ಲ. ಅವರಿಗೆ ಆ ದಿನದ ವಸೂಲಿ ಲೆಕ್ಕ ತುಂಬಬೇಕು, ಅಷ್ಟೇ. ಅವರ ಜೊತೆ ವಾದ ಮಾಡಿ ಉಪಯೋಗವಿಲ್ಲ, ಬೈದಾಡಿಯೂ ಉಪಯೋಗವಿಲ್ಲ. ಪತ್ರ ಹೋಗಬೇಕಾದ್ದು ಬ್ರಾಂಚಿಗೆ ಮತ್ತು ಕಂಪನಿಯ ದೂರು ಅಧಿಕಾರಿಗೆ. ಅವರ ಹೆಸರು, ನಂಬರು ಸಾಲದ ಕಾರ್ಡಿನಲ್ಲೇ ಇರಬೇಕು.

ಆ ಪತ್ರಕ್ಕೆ ಗಟ್ಟಿ ಆಧಾರ ಇದೆ. ರಿಸರ್ವ್ ಬ್ಯಾಂಕಿನ 2022ರ ಮೈಕ್ರೋಫೈನಾನ್ಸ್ ನಿಯಮಗಳಲ್ಲಿ ಜನ ಹೆಚ್ಚು ಮಾತಾಡದ ಒಂದು ಅಂಶ ಇದೆ. ಕಂತು ಕಟ್ಟಲು ಕಷ್ಟದಲ್ಲಿರುವವರನ್ನು ಗುರುತಿಸಿ, ಅವರ ಜೊತೆ ಮಾತಾಡಿ, ಮುಂದಿನ ದಾರಿ ತಿಳಿಸುವ ವ್ಯವಸ್ಥೆ ಸಾಲ ಕೊಟ್ಟ ಸಂಸ್ಥೆಯಲ್ಲಿ ಇರಲೇಬೇಕು. ಕಂತು ಇಳಿಸಿಯೇ ಕೊಡಬೇಕು ಎಂದು ಅದರಲ್ಲಿ ಹೇಳಿಲ್ಲ. ಆದರೆ 'ಅದೆಲ್ಲ ನಮ್ಮಲ್ಲಿಲ್ಲ' ಎಂದು ಬಾಗಿಲು ಹಾಕುವ ಹಾಗೂ ಇಲ್ಲ. ಇನ್ನೊಂದು: ಸಾಲ ಕೊಡುವಾಗ ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಮೇಲಿನ ಮನೆಯ ಆದಾಯ 19,000, ಅರ್ಧ 9,500. ಕೈಸಾಲ ಬಿಟ್ಟರೂ ಮೂರು ಕಂತು ಸೇರಿ 10,000. ಅಂದರೆ ಕೊನೆಯಲ್ಲಿ ಸಾಲ ಕೊಟ್ಟದ್ದು ಮೈಕ್ರೋಫೈನಾನ್ಸ್ ಆಗಿದ್ದು, ಆಗಲೂ ಆದಾಯ ಇಷ್ಟೇ ಇದ್ದಿದ್ದರೆ, ಅವರು ಲೆಕ್ಕ ನೋಡದೆ ಕೊಟ್ಟಿದ್ದಾರೆ. ಇದನ್ನು ಪತ್ರದಲ್ಲಿ ಬರೆದರೆ ಮಾತಿನ ಧಾಟಿ ಬದಲಾಗುತ್ತದೆ. ತಪ್ಪು ಎರಡೂ ಕಡೆ ಇದೆ, ಹಾಗಾಗಿ ಹೊಂದಾಣಿಕೆಯೂ ಎರಡೂ ಕಡೆಯಿಂದ ಬರಬೇಕು ಎಂದು ಕೇಳಲು ದಾರಿಯಾಗುತ್ತದೆ.

ವಸೂಲಿಯ ರೀತಿಗೂ ನಿಯಮ ಇದೆ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡುವಂತಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಆ ಜಾಗಕ್ಕೆ ಎರಡು ಅಥವಾ ಹೆಚ್ಚು ಸಲ ಸತತವಾಗಿ ನೀವು ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಹೀಗಾಗಿ ದುಡ್ಡು ಕಡಿಮೆ ಇದ್ದ ದಿನವೂ ಸಂಘದ ಮೀಟಿಂಗಿಗೆ ಹೋಗಿ. ಹೋಗಿ, ಕೊಡುವಷ್ಟು ಕೊಟ್ಟು, ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ. ತಪ್ಪಿಸಿಕೊಂಡರೆ ಮನೆಗೆ ಬರುವ ಹಕ್ಕನ್ನು ನೀವೇ ಅವರ ಕೈಗೆ ಕೊಟ್ಟಂತೆ. ಸಂಘದ ಉಳಿದ ಹೆಂಗಸರಿಗೂ ನಿಮ್ಮ ಲೆಕ್ಕ ತೋರಿಸಿ. ನಿಮ್ಮ ಕಂತು ಅವರ ತಲೆ ಮೇಲೆ ಬೀಳುತ್ತದೆ ಎಂಬ ಭಯ ಅವರಿಗಿದೆ, ಮತ್ತು ಆ ಭಯವನ್ನು ಬಳಸಿಕೊಂಡೇ ಒತ್ತಡ ಹೇರುವುದು. ಅವರಿಗೆ ವಿಷಯ ಮೊದಲೇ ಗೊತ್ತಿದ್ದರೆ ಒತ್ತಡದ ಅರ್ಧ ಬಲ ಹೋಗುತ್ತದೆ.

ಕಂಪನಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿಗೆ, ಹೋಗಬಹುದು. ಖರ್ಚಿಲ್ಲ. ಮಾಹಿತಿಗೆ 14448 ನಂಬರ್ ಇದೆ. ನಿಮ್ಮೂರಿನ ಸಹಕಾರ ಸಂಘದ ಸಾಲ ಮಾತ್ರ ಇದರೊಳಗೆ ಬರುವುದಿಲ್ಲ. ಅದಕ್ಕೆ ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿ.

ಇನ್ನು ಗಲಾಟೆಯೇ ಮಾಡದವರ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಆತಂಕ ಇರುವುದು ಇಲ್ಲಿ.

ತೋಟ, ಮನೆ ಅಡವಿಟ್ಟುಕೊಂಡ ಬ್ಯಾಂಕು ಯಾರ ಬಾಗಿಲಲ್ಲೂ ಕೂರುವುದಿಲ್ಲ. ರಿಜಿಸ್ಟರ್ಡ್ ಪೋಸ್ಟ್ ಕಳಿಸುತ್ತದೆ. ಕೈಸಾಲದವರ ಗದ್ದಲದ ನಡುವೆ ಆ ಲಕೋಟೆ ಎಷ್ಟೋ ಮನೆಗಳಲ್ಲಿ ಒಡೆಯದೇ ಉಳಿಯುತ್ತದೆ. ಕೋರ್ಟಿಗೆ ಹೋಗದೆಯೇ ಅಡವಿಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯ 13(2) ನೋಟಿಸ್ ಅದಾಗಿದ್ದರೆ ನಿಮಗೆ 60 ದಿನ ಇದೆ. ಆ ಅವಧಿಯಲ್ಲಿ ನೀವು ಬರೆದ ಆಕ್ಷೇಪಣೆಗೆ ಬ್ಯಾಂಕು 15 ದಿನದೊಳಗೆ ಕಾರಣ ಸಮೇತ ಉತ್ತರ ಕೊಡಲೇಬೇಕು. ನಿಮ್ಮ ಕಂತಿನ ಯೋಜನೆ, ಇಲ್ಲಿಯವರೆಗೆ ಕಟ್ಟಿದ ರಸೀದಿ, ಸುಗ್ಗಿ ಯಾವಾಗ ಎಂಬ ವಿವರ ಎಲ್ಲ ಹೋಗಬೇಕಾದ್ದು ಆಗಲೇ. ಸ್ವಾಧೀನಕ್ಕೆ ಬಂದ ಮೇಲೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ ಇದೆ. ಆದರೆ ಅದು ಬೆಂಗಳೂರಿನಲ್ಲಿ, ಖರ್ಚೂ ಜಾಸ್ತಿ.

ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು 31ನೇ ಸೆಕ್ಷನ್ನಿನಲ್ಲೇ ಇದೆ. ಆದರೂ ಬ್ಯಾಂಕುಗಳು ಕಾಫಿ ತೋಟಗಳನ್ನು ಆ ವಿನಾಯಿತಿಯ ಹೊರಗಿಟ್ಟು ಹರಾಜಿನ ನೋಟಿಸ್ ಕೊಟ್ಟಿವೆ. ಚಿಕ್ಕಮಗಳೂರು, ಹಾಸನ, ಕೊಡಗಿನ ಬೆಳೆಗಾರರ ಸಂಘಟನೆಗಳು ಇದರ ವಿರುದ್ಧ ದನಿ ಎತ್ತುತ್ತಲೇ ಇವೆ. ಕಾಫಿಗಿಡ ಭೂಮಿಯಲ್ಲೇ ಬೆಳೆಯುತ್ತದೆ, ಮಳೆ ಕೈಕೊಟ್ಟರೆ ಭತ್ತದ ಹಾಗೇ ಹಾಳಾಗುತ್ತದೆ. ಬೆಳೆಗಾರರ ವಾದ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ 'ನಮ್ಮದು ಕೃಷಿ ಭೂಮಿ, ಏನೂ ಮಾಡಕ್ಕಾಗಲ್ಲ' ಎಂದು ನಂಬಿ ನೋಟಿಸ್ ಪಕ್ಕಕ್ಕಿಟ್ಟವರಿಗೆ ಈ ವಾದದಿಂದ ರಕ್ಷಣೆ ಸಿಗುವುದಿಲ್ಲ.

ಹಂಚುವ ಲೆಕ್ಕದಲ್ಲಿ ಒಂದು ತಿದ್ದುಪಡಿ ಇಲ್ಲೇ ಬೇಕಾಗುತ್ತದೆ. ಮನೆ, ತೋಟ, ಅಡವಿಟ್ಟ ಚಿನ್ನ ಕೈತಪ್ಪುವ ಅಪಾಯ ಇದ್ದರೆ ಆ ಸಾಲಕ್ಕೆ ಅನುಪಾತ ಮೀರಿ ಕೊಡಬೇಕಾಗಬಹುದು. ಉಳಿದವರಿಗೆ ಕಾರಣ ಹೇಳಿ ಕೊಡಿ. ಹೋದರೆ ವಾಪಸ್ ಬರದ ವಸ್ತುವಿಗೆ ಮೊದಲ ಪಾಲು, ಸದ್ದಿಗೆ ಅಲ್ಲ.

ಒಪ್ಪದವರು ಬಹಳ ಸಲ ಕೊನೆಗೆ ಹೇಳುವುದು 'ಕೋರ್ಟಿಗೆ ಹಾಕ್ತೀವಿ, ಜೈಲಿಗೆ ಕಳಿಸ್ತೀವಿ' ಅಂತ. ಕೋರ್ಟಿಗೆ ಹಾಕಬಹುದು, ಅದು ಅವರ ಹಕ್ಕು. ಆದರೆ ಬರೀ ಸಾಲ ಕಟ್ಟಲಾಗದ್ದಕ್ಕೆ ಜೈಲಿಲ್ಲ. ಕೈಯಲ್ಲಿ ದುಡ್ಡಿದ್ದೂ ಕೊಡದೆ ಸತಾಯಿಸಿದರೆ ಮಾತ್ರ ಸಿವಿಲ್ ಬಂಧನದ ಮಾತು. ದುಡ್ಡಿನ ಡಿಕ್ರಿಗಾಗಿ, ಅಂದರೆ ದುಡ್ಡು ಕಟ್ಟಿ ಎಂದು ಕೋರ್ಟು ಕೊಟ್ಟ ಆದೇಶಕ್ಕಾಗಿ, ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಸೆಕ್ಷನ್ ಅದನ್ನು ನೇರವಾಗಿ ಹೇಳುತ್ತದೆ. ಅದೇ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ ಕೂಲಿ ಹಣ, ಬಟ್ಟೆ, ಅಡುಗೆ ಪಾತ್ರೆ, ರೈತರ ಜೀವನಕ್ಕೆ ಬೇಕಾದ ದನ, ಸಲಕರಣೆ, ಬಿತ್ತನೆ ಬೀಜ ಜಪ್ತಿ ಮಾಡುವಂತಿಲ್ಲ. ಸಂಘದ ಹೆಂಗಸರಿಗೆ ಇವೆರಡನ್ನಾದರೂ ಯಾರಾದರೂ ಕೂತು ಹೇಳಬೇಕು. ಚೆಕ್ ಕೇಸು ಬೇರೆ, ಅದರಲ್ಲಿ ಶಿಕ್ಷೆ ಇದೆ. ಎರಡನ್ನೂ ಸೇರಿಸಿ ಹೆದರಿಸುವುದೇ ತಂತ್ರ.

ಇನ್ನೊಂದು ಮಾತು ಕೇಳಿದರೆ ಎಷ್ಟೋ ಜನಕ್ಕೆ ಆಶ್ಚರ್ಯವಾಗುತ್ತದೆ. ಹಣದ ದಾವೆಯಲ್ಲಿ ತೀರ್ಪು ಕೊಡುವಾಗ ಕಂತಿನಲ್ಲಿ ಕಟ್ಟಲು ನ್ಯಾಯಾಲಯವೇ ಆದೇಶಿಸಬಹುದು, ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 20, ನಿಯಮ 11. ಡಿಕ್ರಿ ಆದ ಮೇಲಾದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕು, ಹಾಗಾಗಿ ಕೇಳಬೇಕಾದ್ದು ತೀರ್ಪಿಗೆ ಮುಂಚೆ. ಸಮನ್ಸ್ ಬಂದರೆ ಹೋಗದೇ ಇರುವವರಿಗೆ ಈ ಅವಕಾಶ ತಪ್ಪಿಹೋಗುತ್ತದೆ. ಎರಡು ವರ್ಷ ತಪ್ಪದೆ 875 ರೂಪಾಯಿ ಕಳಿಸಿದ ದಾಖಲೆ ಇದ್ದವರ ಮಾತನ್ನು ನ್ಯಾಯಾಧೀಶರು ಬೇರೆ ತರ ಕೇಳುತ್ತಾರೆ. 'ಒಪ್ಪಿಲ್ಲವಲ್ಲ, ಅವರಿಗೆ ಯಾಕೆ ಕಳಿಸಬೇಕು' ಎಂದು ನಿಲ್ಲಿಸಬಾರದು ಅನ್ನುವುದು ಇದಕ್ಕೇ. ಒಪ್ಪದವರ ಖಾತೆಗೂ ಪ್ರತಿ ತಿಂಗಳು ಅದೇ ದಿನ ಅವರ ಪಾಲು ಹೋಗಲಿ. ಒಬ್ಬರ ಹತ್ತಿರವೇ ಎರಡು ಸಾಲ ತಂದಿದ್ದರೆ ಇದು ಯಾವ ಸಾಲಕ್ಕೆ ಎಂದು ಬರೆದೇ ಕಳಿಸಿ. ಹಾಗೆ ಬರೆದು ಕೊಟ್ಟ ದುಡ್ಡನ್ನು ತೆಗೆದುಕೊಂಡವರು ಆ ಸಾಲಕ್ಕೇ ಜಮಾ ಮಾಡಬೇಕು, ಕರಾರು ಕಾಯ್ದೆಯ 59ನೇ ಸೆಕ್ಷನ್ ಹೇಳುವುದು ಅದನ್ನೇ. ಒಂದು ವಿಷಯ ನೆನಪಿರಲಿ: ಸಾಲ ಇದೆ ಎಂದು ಸಹಿ ಹಾಕಿ ಬರೆದರೆ ಮೂರು ವರ್ಷದ ಕಾಲಮಿತಿ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ. ತೀರಿಸುವ ಮನಸ್ಸಿದ್ದವರಿಗೆ ಇದು ತೊಂದರೆಯಲ್ಲ. ತುಂಬಾ ಹಳೇ ಸಾಲವಾದರೆ ಬರೆಯುವ ಮುಂಚೆ ವಕೀಲರನ್ನು ಕೇಳಿ.

ವಕೀಲರ ಫೀಸಿಗೆ ದುಡ್ಡೆಲ್ಲಿ ಎಂದರೆ, ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ತಾಲ್ಲೂಕಿಗೂ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ. ಸಹಾಯವಾಣಿ 15100. ಕೇಸು ದಾಖಲಾಗುವ ಮುಂಚೆಯೇ ಲೋಕ ಅದಾಲತ್ತಿಗೆ ವಿಷಯ ತರಬಹುದು. ನಾಲ್ವರನ್ನೂ ಅಲ್ಲಿಗೆ ಕರೆಸಿ ಒಂದೇ ದಿನ ಕೂರಿಸಲು ಅರ್ಜಿ ಕೊಡಿ. ಬರಲೇಬೇಕೆಂಬ ಬಲವಂತ ಇಲ್ಲದಿದ್ದರೂ, ನ್ಯಾಯಾಲಯದ ಆವರಣದಲ್ಲಿ, ಲೆಕ್ಕದ ಹಾಳೆ ಮುಂದಿಟ್ಟುಕೊಂಡು ಕೂತಾಗ ಮನೆ ಬಾಗಿಲಿನ ದನಿ ಅಲ್ಲಿರುವುದಿಲ್ಲ. ಅಲ್ಲಿ ಆದ ರಾಜಿ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ನಮ್ಮಂಥವರಿಗೆ ಇಲ್ಲದ ಆ ದಿವಾಳಿ ಸಂಹಿತೆಯ ಮೇಜಿಗೆ ಸದ್ಯಕ್ಕೆ ಹತ್ತಿರದ್ದು ಇದೊಂದೇ. ಜಿಲ್ಲಾಡಳಿತ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಪ್ರತಿ ತಾಲ್ಲೂಕಿನಲ್ಲೂ ಸಾಲಕ್ಕೆಂದೇ ಒಂದು ಅದಾಲತ್ ನಡೆಸುವಂತೆ ಪ್ರಾಧಿಕಾರವನ್ನು ಕೇಳಿಕೊಂಡರೆ, ಕೈಯಲ್ಲಿ ಒಂದಿಷ್ಟು ದುಡ್ಡಿರುವ ಸಮಯದಲ್ಲೇ ಜನ ಮಾತಿಗೆ ಕೂರಬಹುದು.

ಈ ನಡುವೆ ಹೊಸ ಸಾಲ ಮಾಡಿ ಹಟದವರ ಬಾಯಿ ಮುಚ್ಚಿಸುವ ಆಸೆ ಬಂದೇ ಬರುತ್ತದೆ. ಅದೊಂದನ್ನು ಮಾಡಬೇಡಿ. ಸಾಲ ಇರುವ ಬ್ಯಾಂಕಿನಲ್ಲೇ ಹಾಲಿನ ದುಡ್ಡು, ಕೂಲಿ ಬೀಳುತ್ತಿದ್ದರೆ ಖಾತೆಯನ್ನು ಬೇರೆ ಬ್ಯಾಂಕಿಗೆ ಬದಲಿಸಿಕೊಳ್ಳಿ, ಬಾಕಿಗೆ ಮುರಿದುಕೊಂಡು ಯೋಜನೆಯ ಲೆಕ್ಕ ತಪ್ಪದಿರಲಿ.

ಒಪ್ಪದಿದ್ದವರ ಸಾಲ ತೀರುವ ದಿನ ಬಂದಾಗ ಕೊನೆಯ ಕಂತಿನ ಜೊತೆಗೇ ಕಾಗದ ಕೇಳಿ. ಕೈಸಾಲದವರಿಂದ ಚೆಕ್, ಪ್ರೋನೋಟು ವಾಪಸ್ ಪಡೆದು ಪೂರ್ತಿ ತೀರಿದೆ ಎಂದು ಬರೆಸಿಕೊಳ್ಳಿ. ಮೈಕ್ರೋಫೈನಾನ್ಸಿನಿಂದ ಬಾಕಿ ಇಲ್ಲದ ಪತ್ರ ಬರಬೇಕು. ಕ್ರೆಡಿಟ್ ವರದಿಯಲ್ಲಿ ಬಾಕಿ ಹಾಗೇ ಕಾಣುತ್ತಿದ್ದರೆ ದೂರು ಕೊಡಿ, 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಇದೆ. ಬ್ಯಾಂಕು ಆಸ್ತಿ ಪತ್ರಗಳನ್ನು ಸಾಲ ತೀರಿದ 30 ದಿನದೊಳಗೆ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ. ಆಮೇಲೆ ಪಹಣಿಯ ಋಣದ ಕಾಲಂನಲ್ಲಿ ಬ್ಯಾಂಕಿನ ಹೆಸರು ತೆಗೆಸುವ ಕೆಲಸ ಇರುತ್ತದೆ. ಅದಕ್ಕೆ ಬ್ಯಾಂಕಿನ ಪತ್ರ ಹಿಡಿದು ಕಂದಾಯ ಇಲಾಖೆಗೆ ನೀವೇ ಹೋಗಬೇಕಾಗಬಹುದು. ಹೊಸ ಪಹಣಿ ತೆಗೆಸಿ ಆ ಕಾಲಂ ನೋಡುವವರೆಗೆ ಯಾವ ರಸೀದಿಯನ್ನೂ ಬಿಸಾಕಬೇಡಿ.